ಹಾಲು ಸಾಲದೆಂಬ ಹೆದರಿಕೆ

ಹೆರಿಗೆಯಾದ ಎರಡು ಮೂರು ದಿನಕ್ಕೇ ಬಾಣಂತಿಯ ಕೋಣೆಯಲ್ಲಿ ಈ ಮಾತು ಏಳುತ್ತದೆ: 'ಮಗು ಅಳುತ್ತಲೇ ಇದೆ, ಇವಳಿಗೆ ಹಾಲು ಸಾಲದು.' ನೋಡಲು ಬಂದ ನೆಂಟರೂ ಹೌದೆಂದು ತಲೆಯಾಡಿಸುತ್ತಾರೆ. ಸಂಜೆಯ ಹೊತ್ತಿಗೆ ಡಬ್ಬಿ ಹಾಲು, ಬಾಟಲಿ ಮನೆಗೆ ಬಂದಿರುತ್ತವೆ. ಆದರೆ ಬಹುಪಾಲು ತಾಯಂದಿರಲ್ಲಿ ಕೊರತೆಯಿರುವುದು ಹಾಲಿಗಲ್ಲ, ಧೈರ್ಯಕ್ಕೆ.

ಮೊದಲ ದಿನ ಹಸುಗೂಸಿಗೆ ಒಂದು ಸಲಕ್ಕೆ ಒಂದೆರಡು ಟೀ ಚಮಚೆ ಹಾಲು ಸಾಕು. ಆಗ ಬರುವ ಹಳದಿ ಗಿಣ್ಣುಹಾಲು ಪ್ರಮಾಣದಲ್ಲಿ ಸ್ವಲ್ಪವಾದರೂ ರೋಗನಿರೋಧಕ ಶಕ್ತಿಯಿಂದ ತುಂಬಿರುತ್ತದೆ. ಅದನ್ನು ಹಿಂಡಿ ಚೆಲ್ಲಬೇಡಿ. ಹಾಲು ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ಚೊಚ್ಚಲ ಹೆರಿಗೆಯಲ್ಲಿ, ಸಿಸೇರಿಯನ್ ಆದವರಲ್ಲಿ ತುಸು ತಡವಾಗಬಹುದು.

ಮಗು ಚೀಪಿದಾಗ ತಾಯಿಯ ದೇಹದಲ್ಲಿ ಎರಡು ಹಾರ್ಮೋನುಗಳು ಕೆಲಸ ಮಾಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪಾದಿಸುತ್ತದೆ, ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಹರಿಸುತ್ತದೆ. ಆತಂಕ, ನೋವು, ಚುಚ್ಚುಮಾತು ಆಕ್ಸಿಟೋಸಿನ್‌ಗೆ ಅಡ್ಡಿಯಾಗುತ್ತವೆ. ಎದೆಯಲ್ಲಿ ಹಾಲಿದ್ದರೂ ಸರಾಗವಾಗಿ ಇಳಿಯುವುದಿಲ್ಲ. ಆಗ ಬಾಟಲಿ ಕೊಟ್ಟರೆ ಮಗು ಎದೆ ಚೀಪುವುದು ಕಡಿಮೆಯಾಗಿ, ಹಾಲಿನ ಉತ್ಪತ್ತಿಯೂ ಇಳಿಯುತ್ತದೆ. ಸುಳ್ಳು ಹೆದರಿಕೆ ಹೀಗೆ ನಿಜವಾಗಿಬಿಡುತ್ತದೆ!

ಹಾಲು ಸಾಲುತ್ತಿದೆಯೆಂದು ತಿಳಿಯುವುದು ಹೇಗೆ? ಅಳುವಿನಿಂದಲ್ಲ, ಎದೆಯ ಗಾತ್ರದಿಂದಲೂ ಅಲ್ಲ. ಐದನೆಯ ದಿನದ ನಂತರ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿರಬೇಕು. ಮೊದಲ ದಿನಗಳಲ್ಲಿ ತುಸು ಇಳಿಯುವ ತೂಕ ಎರಡು ವಾರದೊಳಗೆ ಹುಟ್ಟಿದಾಗಿನಷ್ಟಕ್ಕೆ ಮರಳಬೇಕು. ಇವೆರಡೂ ಸರಿಯಿದ್ದರೆ ನಿಶ್ಚಿಂತೆಯಿಂದಿರಿ.

ಹುಟ್ಟಿದ ಒಂದು ಗಂಟೆಯೊಳಗೇ ಹಾಲೂಡಿಸಿ. ಅನಂತರ ರಾತ್ರಿಯೂ ಸೇರಿ ದಿನಕ್ಕೆ 8ರಿಂದ 12 ಸಲ ಕುಡಿಸಿ. ಮೊಲೆತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಆದಷ್ಟು ಮಗುವಿನ ಬಾಯೊಳಗಿರಲಿ. ಆರು ತಿಂಗಳು ತುಂಬುವವರೆಗೆ ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು, ಬರಿಯ ನೀರು ಯಾವುದೂ ಬೇಡ. ಬಾಣಂತಿಗೆ ಮಾತ್ರ ಬಾಯಾರಿದಷ್ಟೂ ನೀರು ಕೊಡಿ; 'ಬಾಣಂತಿ ಹೆಚ್ಚು ನೀರು ಕುಡಿಯಬಾರದು' ಎಂಬ ಪಥ್ಯಕ್ಕೆ ಅರ್ಥವಿಲ್ಲ.

ನಿಜವಾಗಿಯೂ ಹಾಲು ಕಡಿಮೆಯಿರುವ ತಾಯಂದಿರೂ ಕೆಲವರಿದ್ದಾರೆ. ಅದು ಅವರ ತಪ್ಪಲ್ಲ. ಮಗುವಿಗೆ ಮೂತ್ರ ಕಡಿಮೆಯಾದರೆ, ತೂಕ ಏರದಿದ್ದರೆ, ಮಂಕಾಗಿ ಹಾಲು ಕುಡಿಯಲೂ ಏಳದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅವರು ಹೇಳಿದರೆ ಮೇಲುಹಾಲು ಕೊಡಲು ಸಂಕೋಚ ಬೇಡ.

ಡಬ್ಬಿ ಹಾಲಿನ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ. ಮನೆಯೊಳಗಿನ ಮಾತನ್ನು ತಡೆಯುವ ಕಾಯ್ದೆಯಿಲ್ಲ. ಅತ್ತೆಯಂದಿರೇ, ಗಂಡಂದಿರೇ, 'ಹಾಲು ಸಾಲದು' ಎನ್ನುವ ಮೊದಲು ಮಗುವಿನ ಒದ್ದೆಬಟ್ಟೆಗಳನ್ನು ಎಣಿಸಿ. ಲೆಕ್ಕ ಸರಿಯಿದ್ದರೆ 'ಚೆನ್ನಾಗಿ ಕುಡಿಸುತ್ತಿದ್ದೀಯಮ್ಮ' ಎಂದು ಬಾಣಂತಿಗೆ ಹೇಳಿ.