ಅರಳು ಮರಳಲ್ಲ, ಅಲ್ಝೈಮರ್
ಅಜ್ಜಿ ಈಗಷ್ಟೇ ಊಟ ಮಾಡಿದ್ರು. ಹತ್ತು ನಿಮಿಷ ಬಿಟ್ಟು, "ಊಟಕ್ಕೆ ಹಾಕಲ್ವೇನಮ್ಮ?" ಅಂತಾರೆ. ವಯಸ್ಸಾಯ್ತು, ಅರಳು ಮರಳು ಅಂದುಬಿಡ್ತೀವಿ. ಅದು ಅಲ್ಝೈಮರ್ ಕಾಯಿಲೆ ಇರಬಹುದು.

1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಝೈಮರ್ ಇದನ್ನು ಮೊದಲು ವಿವರಿಸಿದ್ರು. ಅಮಿಲಾಯ್ಡ್ ಅನ್ನೋ ಪ್ರೋಟೀನು ಮೆದುಳಿನ ನರಕೋಶಗಳ ಸುತ್ತ ಶೇಖರವಾಗುತ್ತೆ, ಟೌ ಅನ್ನೋದು ಒಳಗೇ ಗಂಟುಕಟ್ಟುತ್ತೆ. ಕೋಶಗಳು ಸಾಯುತ್ತವೆ. ಹೊಸ ನೆನಪು ಕೂಡಿಡೋ ಹಿಪೊಕ್ಯಾಂಪಸ್‌ಗೆ ಪೆಟ್ಟು ಬೀಳೋದು ಬೇಗ. ಅದಕ್ಕೇ 50 ವರ್ಷದ ಹಿಂದಿನ ಮದುವೆ ನೆನಪಿರುತ್ತೆ, ಬೆಳಗಿನ ತಿಂಡಿ ನೆನಪಿರಲ್ಲ.

ಆಮೇಲೆ ದಿನದ ಕೆಲಸಗಳೂ ಕೈತಪ್ಪುತ್ತವೆ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತೆ. ಸ್ಟವ್ ಉರೀತಾನೇ ಇರುತ್ತೆ. ಸೀರೆ ಕೈಯಲ್ಲಿ ಹಿಡಿದು, ನೆರಿಗೆ ಹೇಗೆ ಹಿಡಿಯೋದು ಅಂತ ತೋಚದೆ ನಿಂತುಬಿಡ್ತಾರೆ. ಸಂಜೆಯಾದ್ರೆ ಸ್ವಂತ ಮನೆಯಲ್ಲೇ ಕೂತು "ಮನೆಗೆ ಹೋಗೋಣ" ಅಂತ ಹಟ. ದಯವಿಟ್ಟು ವಾದಕ್ಕಿಳಿಯಬೇಡಿ. ಕೈ ಹಿಡಿದು, ಮಾತು ಬೇರೆ ಕಡೆ ತಿರುಗಿಸಿ. "ಆಗಲೇ ಹೇಳಿದ್ನಲ್ಲ" ಅಂದ್ರೆ ಅವರಿಗೆ ನೋವಾಗುತ್ತೆ ಅಷ್ಟೇ, ನೆನಪು ಮರಳಲ್ಲ.

ಪೂರ್ತಿ ವಾಸಿಮಾಡೋ ಔಷಧ ಇನ್ನೂ ಇಲ್ಲ. ಆದರೆ ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತೆ. ಅದಕ್ಕೆ ಚಿಕಿತ್ಸೆ ಇದೆ. ಹಾಗಾಗಿ ಅನುಮಾನ ಬಂದ ಕೂಡಲೇ ನರರೋಗ ತಜ್ಞರಿಗೋ ಮನೋವೈದ್ಯರಿಗೋ ತೋರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567, ಕರೆ ಉಚಿತ.