ದಿಬ್ಬದಿಂದ ಇಳಿಸುವ ಹೊತ್ತು

ಕ್ರಿಕೆಟ್ಟಿನಲ್ಲಿ ದಣಿದ ಬೌಲರನಿಗೆ ನಾಯಕನು ಕೊಂಚ ವಿಶ್ರಾಂತಿಯಿತ್ತು, ಬಿಸಿಲಿಳಿದ ಮೇಲೆ ಮತ್ತೆ ಚೆಂಡನ್ನು ಅವನ ಕೈಗೆ ಕೊಡಬಹುದು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ದಿಬ್ಬದ ಮೇಲೆ ನಿಂತು ಚೆಂಡೆಸೆಯುವ ಪಿಚರನನ್ನು ಒಮ್ಮೆ ಆಟದಿಂದ ತೆಗೆದರೆಂದರೆ ಆ ದಿನಕ್ಕೆ ಅವನ ಋಣ ತೀರಿದಂತೆಯೇ. ಆದುದರಿಂದ ಆಟವನ್ನು ಆರಂಭಿಸಿದ ಪಿಚರನನ್ನು ಯಾವಾಗ ಇಳಿಸಬೇಕೆಂಬುದು ಮ್ಯಾನೇಜರನ ಪಾಲಿಗೆ ಹಿಂದೆಗೆದುಕೊಳ್ಳಲಾಗದ ತೀರ್ಪು.

ಬಹಳ ಕಾಲ ಈ ತೀರ್ಪಿನ ಅಗತ್ಯವೇ ವಿರಳವಾಗಿತ್ತು. ತೊಡಗಿದವನೇ ಮುಗಿಸಬೇಕೆಂಬುದು ಹಳೆಯ ಮರ್ಯಾದೆ. ಜಾಕ್ ಟೇಲರ್ ಎಂಬಾತನು 1901ರಿಂದ 1906ರವರೆಗೆ ತಾನು ಆರಂಭಿಸಿದ 187 ಆಟಗಳನ್ನು ಒಂದೂ ತಪ್ಪದಂತೆ ತಾನೇ ಮುಗಿಸಿದನು. 1991ರಷ್ಟು ಈಚೆಗೂ, ವರ್ಲ್ಡ್ ಸೀರೀಸ್ ಎಂಬ ಮಹಾಸರಣಿಯ ಕಡೆಯ ಆಟದಲ್ಲಿ, ಜಾಕ್ ಮಾರಿಸನು ಒಂದು ರನ್ನನ್ನೂ ಕೊಡದೆ ಹತ್ತು ಇನ್ನಿಂಗ್ಸ್ ಎಸೆದು ಮಿನ್ನೆಸೋಟಾ ತಂಡವನ್ನು ಗೆಲ್ಲಿಸಿದನು. ಇಂದು ಇಂಥದು ಅಪರೂಪ. ತೋಳಿನ ದಣಿವೊಂದೇ ಇದಕ್ಕೆ ಕಾರಣವಲ್ಲ. ಒಂಬತ್ತು ದಾಂಡಿಗರು ಸರದಿಯಂತೆ ಬರುತ್ತಾರಷ್ಟೆ. ಒಬ್ಬನೇ ಪಿಚರನನ್ನು ಅದೇ ದಿನ ಮೂರನೆಯ ಸಲ ಎದುರಿಸುವ ದಾಂಡಿಗನು ಮೊದಲ ಸಲಕ್ಕಿಂತ ಚೆನ್ನಾಗಿ ಹೊಡೆಯುವನೆಂಬುದನ್ನು ವರ್ಷಗಟ್ಟಲೆಯ ಲೆಕ್ಕಗಳು ತೋರಿಸಿವೆ. ಕೈ ಸೋಲದಿದ್ದರೂ ಅದರ ಗುಟ್ಟು ಬಯಲಾಗಿರುತ್ತದೆ.

2003ರ ಅಕ್ಟೋಬರ್ 16ರ ರಾತ್ರಿ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ನಡೆದುದನ್ನು ಬಾಸ್ಟನ್ ನಗರದವರು ಮರೆಯಲಾರರು. 1918ರಿಂದ ವರ್ಲ್ಡ್ ಸೀರೀಸ್ ಗೆಲ್ಲದಿದ್ದ ಅವರ ರೆಡ್ ಸಾಕ್ಸ್ ತಂಡಕ್ಕೆ ಆ ಸರಣಿಯ ಬಾಗಿಲು ತೆರೆಯಲು ಇನ್ನೊಂದೇ ಗೆಲುವು ಬೇಕಾಗಿತ್ತು. ಏಳು ಇನ್ನಿಂಗ್ಸ್ ಮುಗಿದಾಗ ಪೆದ್ರೊ ಮಾರ್ಟಿನೆಜನು ನೂರು ಚೆಂಡುಗಳನ್ನು ಎಸೆದಿದ್ದನು. ಆಕಾಶದತ್ತ ಬೆರಳೆತ್ತಿ, ಜೊತೆಗಾರರ ಅಪ್ಪುಗೆ ಪಡೆದು, ಕೆಲಸ ಮುಗಿಯಿತೆಂಬಂತೆಯೇ ಇದ್ದನು. ನೂರರ ಗಡಿ ದಾಟಿದ ಮೇಲೆ ಅವನ ಎಸೆತದ ಮೊನೆ ಮೊಂಡಾಗುವುದೆಂಬುದು ಲೆಕ್ಕವಿಡುವವರಿಗೆಲ್ಲ ತಿಳಿದ ಸಂಗತಿ. ಆದರೂ 5-2ರ ಮುನ್ನಡೆಯಿದ್ದಾಗ ಮ್ಯಾನೇಜರ್ ಗ್ರೇಡಿ ಲಿಟ್ಲನು ಎಂಟನೆಯ ಇನ್ನಿಂಗ್ಸಿಗೂ ಅವನನ್ನೇ ಕಳುಹಿಸಿದನು. ಒಬ್ಬನು ಔಟಾದ ಮೇಲೆ ಎರಡು ಹೊಡೆತ ಬಿದ್ದು ಒಂದು ರನ್ ಬಂದಿತು. ಲಿಟ್ಲನು ದಿಬ್ಬಕ್ಕೆ ನಡೆದುಹೋಗಿ, ಇನ್ನೂ ಬಲವುಂಟೆ ಎಂದು ವಿಚಾರಿಸಿದನು. ಉಂಟೆಂಬ ಉತ್ತರ ಬಂದಿತು. ಮಾನಧನನಾದ ಕಲಿಯನ್ನು ಕಾಳಗದ ನಡುವೆ ಈ ಪ್ರಶ್ನೆ ಕೇಳಿದರೆ ಬೇರೆ ಯಾವ ಉತ್ತರ ಬಂದೀತು? ಲಿಟ್ಲನು ಒಬ್ಬನೇ ಹಿಂದಿರುಗಿದನು. ಮತ್ತೆರಡು ಹೊಡೆತ, 5-5. ಮಾರ್ಟಿನೆಜನು ಇಳಿದಾಗ ಎಣಿಕೆ 123 ಆಗಿತ್ತು. ಹನ್ನೊಂದನೆಯ ಇನ್ನಿಂಗ್ಸಿನಲ್ಲಿ ಆರನ್ ಬೂನನ ಒಂದೇ ಹೊಡೆತಕ್ಕೆ ಆಟ ಮುಗಿಯಿತು. ಆ ತಿಂಗಳು ಕಳೆಯುವುದರೊಳಗೆ ಲಿಟ್ಲನ ಉದ್ಯೋಗವೂ ಮುಗಿಯಿತು.

ಬೇಗ ಇಳಿಸಬಾರದಾಗಿತ್ತೆ ಎಂಬ ಈ ನಿಟ್ಟುಸಿರಿಗೆ ಎದುರಾದ ನಿಟ್ಟುಸಿರೊಂದು 2020ರ ಅಕ್ಟೋಬರ್ 27ರಂದು ಟೆಕ್ಸಾಸಿನ ಆರ್ಲಿಂಗ್ಟನ್ನಿನಲ್ಲಿ ಕೇಳಿಬಂದಿತು. ವರ್ಲ್ಡ್ ಸೀರೀಸಿನ ಆರನೆಯ ಆಟ. ಸೋತರೆ ಟ್ಯಾಂಪಾ ಬೇ ರೇಸ್ ತಂಡದ ಆಸೆ ಮುಗಿದಂತೆ. ಅದರ ಪಿಚರ್ ಬ್ಲೇಕ್ ಸ್ನೆಲನು ಕೇವಲ 73 ಚೆಂಡುಗಳಲ್ಲಿ ಒಂಬತ್ತು ಮಂದಿ ಲಾಸ್ ಏಂಜಲೀಸ್ ದಾಂಡಿಗರನ್ನು ಹೊಡೆಯಗೊಡದೆಯೇ ಹಿಂದಕ್ಕೆ ಕಳುಹಿಸಿದ್ದನು. ಮುನ್ನಡೆ 1-0. ಆರನೆಯ ಇನ್ನಿಂಗ್ಸಿನಲ್ಲಿ ಒಂದು ಸಾಮಾನ್ಯ ಹೊಡೆತ ಬಿದ್ದೊಡನೆ ಮ್ಯಾನೇಜರ್ ಕೆವಿನ್ ಕ್ಯಾಶ್ ಹೊರಗೆ ಬಂದನು. ಮೂರನೆಯ ಸರದಿ ತೊಡಗಲಿತ್ತಷ್ಟೆ; ಸೂತ್ರದಂತೆ ಸ್ನೆಲನನ್ನು ಇಳಿಸಿ ನಿಕ್ ಆಂಡರ್ಸನ್ನನನ್ನು ಕರೆಸಿದನು. ಅದೇ ಇನ್ನಿಂಗ್ಸಿನಲ್ಲಿ ಎರಡು ರನ್ ಹೋದವು. ಆಟವೂ ಸರಣಿಯೂ ಹೋದವು. ಮುಂದೆ ಬರಲಿದ್ದ ಮೂವರು ದಾಂಡಿಗರೂ ಆ ದಿನ ಸ್ನೆಲನೆದುರು ಎರಡೆರಡು ಸಲ ಬರಿಗೈಯಲ್ಲಿ ಮರಳಿದ್ದವರು.

ಒಬ್ಬನು ಕಣ್ಣನ್ನು ನಂಬಿ ಕೆಟ್ಟನು, ಇನ್ನೊಬ್ಬನು ಅಂಕಿಯನ್ನು ನಂಬಿ ಕೆಟ್ಟನು ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಈ ಮಾತು ಒಪ್ಪಿಗೆಯಿಲ್ಲ. ದಿಬ್ಬದ ಮೇಲಿರುವವನು ದಣಿದಿರುವನೆ ಎಂಬುದು ಅರ್ಧ ಪ್ರಶ್ನೆ. ಈ ಕ್ಷಣದಲ್ಲಿ ಅವನು ಕಾದು ಕುಳಿತಿರುವವನಿಗಿಂತ ಮೇಲೆ ಎಂಬುದು ಇಡೀ ಪ್ರಶ್ನೆ. 2003ರಲ್ಲಿ ಬಾಸ್ಟನ್ನಿನ ಕಡೆ ಕಾದಿದ್ದವರು ಮೈಕ್ ಟಿಮ್ಲಿನ್ ಮತ್ತು ಅಲನ್ ಎಂಬ್ರಿ. ಆ ಇಡೀ ಅಂತಿಮ ಘಟ್ಟದಲ್ಲಿ ಟಿಮ್ಲಿನ್ನನು ಒಂದು ರನ್ನನ್ನೂ ಬಿಟ್ಟುಕೊಟ್ಟಿರಲಿಲ್ಲ. 2020ರಲ್ಲಿ ಕಾದಿದ್ದ ಆಂಡರ್ಸನ್ನನಾದರೋ ಹಿಂದಿನ ಆರು ಆಟಗಳಲ್ಲಿಯೂ ರನ್ ಕೊಟ್ಟು ಬಳಲಿದ್ದವನು. ಆ ಅಂಕಿಯೂ ಕ್ಯಾಶನ ಕೈಯಲ್ಲಿಯೇ ಇತ್ತಲ್ಲವೆ?

ಆದರೆ ಕ್ಯಾಶನು ಉದ್ಯೋಗ ಕಳೆದುಕೊಳ್ಳಲಿಲ್ಲ. ಎರಡು ವಾರಗಳಲ್ಲಿ ಅವನನ್ನು ಅಮೆರಿಕನ್ ಲೀಗಿನ ವರ್ಷದ ಮ್ಯಾನೇಜರನೆಂದು ಸಾರಲಾಯಿತು. ಮತದಾನವು ಅಂತಿಮ ಘಟ್ಟಕ್ಕೆ ಮೊದಲೇ ಮುಗಿದಿತ್ತು.