ಲಾಮಾಗಳ ಕಂಪ್ಯೂಟರ್, ಮೊದಲ ಮುದ್ರಣ

ಟಿಬೆಟ್‌ನ ಲಾಮಾಗಳು ಮಠಕ್ಕೆ ಕಂಪ್ಯೂಟರ್ ತರಿಸಿದ್ದು ಯಾವಾಗ ಗೊತ್ತಾ?
1953ರಲ್ಲಿ!
ಕಥೆಯಲ್ಲಿ, ಸ್ವಾಮಿ.

ಬರೆದವರು ಆರ್ಥರ್ ಸಿ. ಕ್ಲಾರ್ಕ್.
ದೇವರ ಹೆಸರುಗಳನ್ನೆಲ್ಲ ಪಟ್ಟಿ ಮಾಡೋಕೆ ಮೆಷಿನ್ ಬರುತ್ತೆ.
ಮುಂದೇನಾಯ್ತು?
ಹೇಳಲ್ಲ, ಓದಿ.

ಅದು ಮೊದಲು ಅಚ್ಚಾದದ್ದು
ಅಮೆರಿಕದ ಬ್ಯಾಲಂಟೈನ್ ತಂದ ಒಂದು ಸಂಕಲನದಲ್ಲಿ.
ಸಂಗ್ರಹಕಾರರಿಗೆ ಬೇಕಾದ್ದು ಆ 1953ರ ಪ್ರತಿಯೇ.
ಹೊರಹೊದಿಕೆ ಹರಿದಿದ್ರೆ, ಬೆಲೆ ಇಳೀತು!

ಈಗ ಬನ್ನಿ,
ನಮ್ಮ ಮುಂಡಗೋಡದ ಟಿಬೆಟನ್ ಕಾಲೊನಿಗೆ.
1966ರಲ್ಲಿ ಶುರುವಾದ ಊರು.
ಇಲ್ಲಿನ ಡ್ರೆಪುಂಗ್, ಗಾಡೆನ್ ಮಠಗಳಲ್ಲಿ ಓದೋದು ಪೇಚಾ.
ಹೊಲಿಗೆ ಇಲ್ಲ, ಬೈಂಡಿಂಗ್ ಇಲ್ಲ.
ಉದ್ದುದ್ದ ಬಿಡಿ ಹಾಳೆ,
ಮೇಲೆ ಬಟ್ಟೆ ಸುತ್ತು.

ಟಿಬೆಟ್‌ನಲ್ಲಿ ಇವನ್ನ ಅಚ್ಚು ಹಾಕ್ತಿದ್ದದ್ದು
ಕೆತ್ತಿದ ಮರದ ಹಲಗೆಯಿಂದ.
ತಲೆಮಾರುಗಟ್ಟಲೆ ಅದೇ ಹಲಗೆ!
ಆಫೀಸಿನ ರಬ್ಬರ್ ಸ್ಟಾಂಪ್ ನೋಡಿದೀರಲ್ಲ?
ಒತ್ತಿ ಒತ್ತಿ ಸವೆದಷ್ಟೂ ಅಕ್ಷರ ಮಸುಕು.
ಅಂದ್ರೆ, ಅಕ್ಷರ ಸ್ಪಷ್ಟವಾಗಿದ್ರೆ
ಹಲಗೆ ಹೊಸದಿದ್ದಾಗಿನ ಪ್ರತಿ ಇರಬಹುದು.
ಹೊರಹೊದಿಕೆ ಲೆಕ್ಕಕ್ಕಿಂತ
ನನಗಂತೂ ಈ ಪರೀಕ್ಷೆನೇ ಇಷ್ಟ.

ನಿಮ್ಮ ಅಟ್ಟದಲ್ಲಿ
ರಾಜಶೇಖರ ಭೂಸನೂರಮಠರ ಹಳೇ ವೈಜ್ಞಾನಿಕ ಕಾದಂಬರಿ ಇದೆಯಾ?
ರದ್ದಿಗೆ ಹಾಕೋ ಮುಂಚೆ ಒಳಪುಟ ನೋಡಿ.
ಮೊದಲ ಮುದ್ರಣ ಅಂತಿದ್ರೆ,
ಎತ್ತಿಡಿ!